ಗುಲ್ಮಾರ್ಗ್: ಹಿಮ ಸುರಿದ ಮರುದಿನ ಹಗ್ಗದಾಚೆಗೆ ಇಳಿಯಬಹುದೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಗುಲ್ಮಾರ್ಗ್‌ನಲ್ಲಿ ಬೇಸಿಕ್ ಮತ್ತು ಇಂಟರ್‌ಮೀಡಿಯೆಟ್ ಸ್ಕೀ ಕೋರ್ಸ್ ಮುಗಿಸಿದ್ದೇನೆ. ಫೆಬ್ರವರಿಯಲ್ಲಿ ನಾವು ನಾಲ್ವರು ಗೆಳೆಯರು ಐದು ದಿನಕ್ಕೆ ಹೋಗುತ್ತಿದ್ದೇವೆ. ಈ ಸಲ ಗೊಂಡೊಲಾದ (ಕೇಬಲ್ ಕಾರಿನ) ಎರಡನೇ ಹಂತದಿಂದ ಅಫರ್ವಾತ್ ಶಿಖರದ ಮೇಲೆ ಹೋಗಿ, ಸ್ಕೀ ಪ್ರದೇಶದ ಗಡಿಗೆ ಹಗ್ಗ ಕಟ್ಟಿರುವ ಜಾಗದ ಆಚೆ ಹೊಸ ಹಿಮದಲ್ಲಿ ಇಳಿಯುವ ಆಸೆ. ಆದರೆ ಎರಡು ಮತ್ತು ಮೂರನೇ ದಿನ ಭಾರಿ ಹಿಮ ಸುರಿಯುತ್ತದೆ, ನಾಲ್ಕನೇ ದಿನ ಬಿಸಿಲು ಎಂದು ಮುನ್ಸೂಚನೆ ಇದೆ. ಸ್ಥಳೀಯ ಹುಡುಗನೊಬ್ಬ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಹಿಮಕುಸಿತದ ಭಯವಿದೆ. ಕೂಗಾಡದಿದ್ದರೆ ಸಾಕು, ಬೇರೆಯವರು ಇಳಿದ ಜಾಡಿನಲ್ಲೇ ಇಳಿದರೆ ಅಪಾಯವಿಲ್ಲ ಎನ್ನುತ್ತಾರೆ ಗೆಳೆಯರು. ಹಿಮದಡಿ ಸಿಕ್ಕರೂ ಸಿಯಾಚಿನ್‌ನ ನಮ್ಮ ಯೋಧ ಹನುಮಂತಪ್ಪ ಆರು ದಿನ ಬದುಕಿದ್ದರಲ್ಲ ಎಂಬ ಮಾತೂ ಬಂತು. ನಾಲ್ಕನೇ ದಿನ ಹೋಗಬಹುದೇ? ಯಾವ ಉಪಕರಣ ಬೇಕು?

ಉತ್ತರ: ಐದು ದಿನದ ರಜೆಯಲ್ಲಿ ಎರಡು ದಿನ ಬಿರುಗಾಳಿಗೆ ಹೋಗುತ್ತದೆ, ಬಿಸಿಲಿನ ದಿನ ಅಂತ ಕೈಗೆ ಸಿಗುವುದು ನಾಲ್ಕನೆಯದು. ನಿಮ್ಮ ಸಮಸ್ಯೆಯ ಬೇರು ಇಲ್ಲಿದೆ. ನೇರವಾಗಿ ಹೇಳುತ್ತೇನೆ: ಆ ದಿನ ಹಗ್ಗದ ಆಚೆ 30 ಡಿಗ್ರಿಗಿಂತ ಕಡಿದಾದ ಯಾವ ಇಳಿಜಾರಿಗೂ ಇಳಿಯಬೇಡಿ, ಅಂಥ ಇಳಿಜಾರಿನ ಬುಡದಲ್ಲಿ ಹಾದುಹೋಗಲೂ ಬೇಡಿ. ಕರೆದೊಯ್ಯುವವರು ಒತ್ತಾಯಿಸಿದರೂ ಬೇಡ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ. ಕಾರಣ ಗೊತ್ತಿಲ್ಲದ ನಿಯಮ ಮೊಣಕಾಲುದ್ದ ಹೊಸ ಹಿಮ ಕಂಡ ತಕ್ಷಣ ಮರೆತುಹೋಗುತ್ತದೆ.

ಮೊದಲು ಗೆಳೆಯರ ಮಾತುಗಳನ್ನು ಬಗೆಹರಿಸೋಣ. ಕೂಗಿದರೆ ಹಿಮ ಕುಸಿಯುವುದಿಲ್ಲ. ಮನುಷ್ಯನ ದನಿ ಹಿಮದ ಮೇಲೆ ಹಾಕುವ ಒತ್ತಡ ಪದರ ಮುರಿಯಲು ಏನೇನೂ ಸಾಲದು. ಸ್ಕೀ ಪ್ಯಾಟ್ರೋಲ್‌ನವರು (ಸ್ಕೀ ಇಳಿಜಾರುಗಳ ಸುರಕ್ಷತೆ ನೋಡುವ ಸಿಬ್ಬಂದಿ) ಬೇಕೆಂದೇ ಹಿಮ ಕೆಡವಲು ಸ್ಫೋಟಕ ಬಳಸುವುದು ಸುಮ್ಮನೆ ಅಲ್ಲ. ಕುಸಿತವನ್ನು ಎಬ್ಬಿಸುವುದು ದೇಹದ ಭಾರ. ಹಿಮಕುಸಿತದಲ್ಲಿ ಸಿಕ್ಕಿ ಸತ್ತ ಸ್ಕೀಗಾರರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಪ್ರಕರಣಗಳಲ್ಲಿ ಅದನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಅವರ ಜೊತೆಗಿದ್ದವರು. ಇದು ಕೆಟ್ಟ ಸುದ್ದಿಯೂ ಹೌದು, ಒಳ್ಳೆಯ ಸುದ್ದಿಯೂ ಹೌದು. ಅಪಾಯ ಎಲ್ಲಿಂದಲೋ ಬಂದು ಎರಗುವುದು ಅಪರೂಪ, ಹೆಚ್ಚಿನ ಸಲ ನಾವೇ ಅದರ ಮೇಲೆ ಕಾಲಿಡುತ್ತೇವೆ.

ಜಾಡಿನ ಮಾತು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಕೇಳಲು ತರ್ಕಬದ್ಧವಾಗಿದೆ. ಹತ್ತು ಜನ ಇಳಿದರು, ಏನೂ ಆಗಲಿಲ್ಲ, ಹಾಗಾಗಿ ಗಟ್ಟಿ ಇದೆ ಎನ್ನುವ ಲೆಕ್ಕ. ಸ್ಕೀ ಹಾಕಿದ ಮನುಷ್ಯನ ಒತ್ತಡ ಹಿಮದೊಳಗೆ ಸುಮಾರು ಒಂದು ಮೀಟರ್ ಆಳದವರೆಗೆ ಮಾತ್ರ ಪರಿಣಾಮಕಾರಿಯಾಗಿ ಇಳಿಯುತ್ತದೆ. ಮೇಲಿನ ಪದರ ಒಂದೂವರೆ ಮೀಟರ್ ದಪ್ಪ ಇರುವ ಕಡೆ ಇಪ್ಪತ್ತು ಜನ ಹೋದರೂ ಕೆಳಗಿನ ದುರ್ಬಲ ಪದರಕ್ಕೆ ಸುಳಿವೇ ಹತ್ತದಿರಬಹುದು. ಅದೇ ಇಳಿಜಾರಿನಲ್ಲಿ ಬಂಡೆಯ ಪಕ್ಕ, ಏಣಿನ (ಬೆಟ್ಟದ ನೆತ್ತಿಯ ಉದ್ದನೆಯ ಏರಿನ) ಅಂಚಿನಲ್ಲಿ, ಹಿಮ ನಲವತ್ತು ಸೆಂಟಿಮೀಟರ್‌ಗೆ ತೆಳುವಾದ ಜಾಗದಲ್ಲಿ ಇಪ್ಪತ್ತೊಂದನೆಯವರು ತಿರುವು ತೆಗೆದುಕೊಂಡರೆ ಬಿರುಕು ಅಲ್ಲಿ ಹುಟ್ಟಿ ಇಡೀ ಇಳಿಜಾರಿಗೆ ಓಡುತ್ತದೆ. ಜಾಡು ಹೇಳುವುದು ಇಷ್ಟೇ: ಅಷ್ಟು ಜನ ಆ ತೆಳು ಜಾಗವನ್ನು ಇನ್ನೂ ಮುಟ್ಟಿಲ್ಲ.

ಇನ್ನು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ವಿಷಯ. ಧಾರವಾಡ ಜಿಲ್ಲೆಯ ಬೆಟದೂರಿನ ಅವರ ಹೆಸರು ನಮ್ಮ ಮನೆಮನೆಗೂ ಗೊತ್ತು, ಹೀಗಾಗಿ ಈ ಹೋಲಿಕೆ ಬರುವುದು ಸಹಜ. ಆದರೆ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಬಿದ್ದಾಗ ಅವರು ಡೇರೆಯ ಒಳಗಿದ್ದರು, ಸುತ್ತ ಗಾಳಿ ಉಳಿದಿತ್ತು. ಅಲ್ಲಿದ್ದ ಹತ್ತು ಯೋಧರಲ್ಲಿ ಜೀವಂತ ಸಿಕ್ಕಿದ್ದು ಅವರೊಬ್ಬರೇ, ಅವರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಳಿಜಾರಿನಲ್ಲಿ ಉರುಳುತ್ತಾ ಹೂತುಹೋಗುವ ಸ್ಕೀಗಾರನ ಸುತ್ತ ಡೇರೆ ಇರುವುದಿಲ್ಲ. ಬಾಯಿ ಮೂಗಿಗೆ ಹಿಮ ಮೆತ್ತಿಕೊಳ್ಳುತ್ತದೆ. ಉರುಳಿ ಬಂದ ಹಿಮ ನಿಂತ ಕ್ಷಣದಲ್ಲೇ ಬಿಗಿದುಕೊಳ್ಳುವುದರಿಂದ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಹೊರಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾ ಪ್ರಜ್ಞೆ ತಪ್ಪುತ್ತದೆ. ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಬದುಕುವವರು ಮೂರರಲ್ಲಿ ಒಬ್ಬರು. ನೀವು ಲೆಕ್ಕ ಹಾಕಬೇಕಾದದ್ದು ಈ ಹತ್ತು ನಿಮಿಷವನ್ನು.

ಈಗ ಹಿಮದ ಒಳಗೆ ನಡೆಯುವುದನ್ನು ನೋಡೋಣ. ಜನರನ್ನು ಕೊಲ್ಲುವ ಕುಸಿತ ಹೆಚ್ಚಾಗಿ ಚಪ್ಪಡಿ ಕುಸಿತ. ಇದಕ್ಕೆ ಮೂರು ಸೇರಬೇಕು: ಮೇಲೆ ಒಂದಕ್ಕೊಂದು ಅಂಟಿಕೊಂಡ ಹಿಮದ ಚಪ್ಪಡಿ, ಅದರ ಕೆಳಗೆ ಅಂಟಿಕೊಳ್ಳದ ದುರ್ಬಲ ಪದರ, ಮತ್ತು 30ರಿಂದ 45 ಡಿಗ್ರಿ ಇಳಿಜಾರು. ಹೆಚ್ಚಿನ ಅಪಘಾತಗಳು 35ರಿಂದ 40 ಡಿಗ್ರಿಯ ನಡುವೆ ಆಗುತ್ತವೆ. ದುರದೃಷ್ಟಕ್ಕೆ ಸ್ಕೀ ಮಾಡಲು ಅತಿ ಖುಷಿ ಕೊಡುವ ಇಳಿಜಾರೂ ಅದೇ.

ದುರ್ಬಲ ಪದರ ಹುಟ್ಟುವುದು ಬಿರುಗಾಳಿಯಲ್ಲಲ್ಲ, ಅದಕ್ಕೆ ಮುಂಚಿನ ಸುಮ್ಮನಿದ್ದ ದಿನಗಳಲ್ಲಿ. ಹಿಮದ ಅಡಿ ನೆಲದ ತಾಪಮಾನ ಸುಮಾರು ಸೊನ್ನೆ ಡಿಗ್ರಿ ಇರುತ್ತದೆ. ಚಳಿಗಾಲದ ಶುರುವಿನಲ್ಲಿ ಅರ್ಧ ಮೀಟರ್ ಹಿಮ ಬಿದ್ದು, ಆಮೇಲೆ ಮೋಡವಿಲ್ಲದ ರಾತ್ರಿಗಳಲ್ಲಿ ಮೇಲ್ಮೈ ಮೈನಸ್ 15ಕ್ಕೆ ಇಳಿಯಿತು ಎನ್ನಿ. ಅರ್ಧ ಮೀಟರ್‌ನಲ್ಲಿ 15 ಡಿಗ್ರಿ ವ್ಯತ್ಯಾಸ, ಅಂದರೆ ಮೀಟರಿಗೆ 30 ಡಿಗ್ರಿ. ಮೀಟರಿಗೆ 10 ಡಿಗ್ರಿ ದಾಟಿದರೆ ಸಾಕು, ಕೆಳಗಿನ ಆವಿ ಮೇಲಕ್ಕೆ ಹರಿದು ಹಿಮದ ಕಣಗಳನ್ನು ಮೊನಚು ಅಂಚಿನ ಒರಟು ಹರಳುಗಳಾಗಿ ಬದಲಿಸುತ್ತದೆ. ಕೈಯಲ್ಲಿ ಹಿಡಿದು ಅದುಮಿದರೆ ಅವು ತುಪ್ಪ ಹಾಕದ ರವೆಯಂತೆ ಬೆರಳ ಸಂದಿನಿಂದ ಸುರಿದುಹೋಗುತ್ತವೆ, ಉಂಡೆ ಕಟ್ಟುವುದಿಲ್ಲ. ಹಿಮ ತೆಳುವಾಗಿದ್ದಷ್ಟೂ, ಚಳಿ ಹೆಚ್ಚಿದಷ್ಟೂ ಈ ಕೆಲಸ ಜೋರು. ಹಾಗಾಗಿ ಹಿಮ ಕಡಿಮೆ ಬಿದ್ದ ವರ್ಷ ಅಪಾಯವೂ ಕಡಿಮೆ ಎಂಬ ನಂಬಿಕೆ ತಲೆಕೆಳಗು.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನದ ಚಿಲ್ಲಾ-ಇ-ಕಲಾನ್ ಕಡು ಚಳಿಯ ಕಾಲ. ಆ ಅವಧಿ ಒಣಗಿಹೋದರೆ ಮೇಲಿನ ಇಳಿಜಾರುಗಳ ನೆರಳಿನ ಭಾಗದಲ್ಲಿ ಈ ರವೆ ಹಿಮ ಬೆಳೆಯುತ್ತಲೇ ಇರುತ್ತದೆ. ನಂತರ ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಮಳೆ, ಹಿಮ ಹೊತ್ತು ತರುವ ವಾಯುಭಾರ ವ್ಯವಸ್ಥೆ) ಬಂದು ಒಂದೆರಡು ದಿನದಲ್ಲಿ ಎರಡು ಮೂರು ಅಡಿ ಸುರಿಸಿದರೆ, ಆ ಭಾರವೆಲ್ಲ ಕೂರುವುದು ಅದರ ಮೇಲೆ. 2024ರ ಜನವರಿ ನೆನಪಿರಬಹುದು: ಗುಲ್ಮಾರ್ಗ್ ಬೋಳಾಗಿ ಕಂದು ಬಣ್ಣಕ್ಕೆ ತಿರುಗಿದ್ದ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿ ಬಂದಿದ್ದವು. ತಿಂಗಳ ಕೊನೆಗೆ ಹಿಮ ಶುರುವಾಯಿತು. ಫೆಬ್ರವರಿ 22ರಂದು ಅಫರ್ವಾತ್ ಕಡೆಯ ಕುಸಿತದಲ್ಲಿ ರಷ್ಯಾದ ಒಬ್ಬ ಸ್ಕೀಗಾರ ಸತ್ತರು. ಹಿಂದಿನ ವರ್ಷ, 2023ರ ಫೆಬ್ರವರಿ 1ರಂದು, ಹಪತ್‌ಖುಡ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸತ್ತರು. 2010ರ ಫೆಬ್ರವರಿ 8ರಂದು ಖಿಲನ್‌ಮರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನ 17 ಯೋಧರು ಹೋದರು, ಅವರೆಲ್ಲ ಹಿಮದಲ್ಲೇ ತರಬೇತಿ ಪಡೆಯುತ್ತಿದ್ದವರು. ಮೂರೂ ಫೆಬ್ರವರಿಯವು, ನಿಮ್ಮ ಟಿಕೆಟ್ ಇರುವ ತಿಂಗಳು.

ಬಿರುಗಾಳಿ ಮಾಡುವ ಕೆಲಸ ಭಾರ ಹೇರುವುದು, ಅದೂ ಬೇಗ. ಗಂಟೆಗೆ ಎರಡು ಮೂರು ಸೆಂಟಿಮೀಟರ್‌ನಂತೆ ಹಲವು ಗಂಟೆ ಸುರಿದರೆ, ಅಥವಾ ಒಂದು ದಿನದಲ್ಲಿ 30 ಸೆಂಟಿಮೀಟರ್ ದಾಟಿದರೆ ಎಚ್ಚರ. ಹಿಮದ ಪದರ ನಿಧಾನ ಭಾರವನ್ನು ಬಾಗಿ ಸಹಿಸಿಕೊಳ್ಳುತ್ತದೆ, ಅವಸರದ ಭಾರಕ್ಕೆ ಮುರಿಯುತ್ತದೆ. ಅದಕ್ಕಿಂತ ದೊಡ್ಡ ಆಟಗಾರ ಗಾಳಿ. ಏಣಿನ ಒಂದು ಮಗ್ಗುಲಿನ ಹಿಮವನ್ನು ಕಿತ್ತು ಇನ್ನೊಂದು ಮಗ್ಗುಲಲ್ಲಿ ಸುರಿಯುವ ಗಾಳಿ, ಆಕಾಶದಿಂದ ಬೀಳುವುದಕ್ಕಿಂತ ಮೂರರಿಂದ ಐದು ಪಟ್ಟು ವೇಗದಲ್ಲಿ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಿಮ ಪೇರಿಸಬಲ್ಲದು. ಅಫರ್ವಾತ್‌ನ ಸ್ಥಿತಿ ಇಲ್ಲಿ ಮುಖ್ಯ. ಗುಲ್ಮಾರ್ಗ್ ಕಡೆಗಿನ ಅದರ ಮೈ ಪೂರ್ವಕ್ಕೆ ಇದೆ, ಬಿರುಗಾಳಿಗಳು ಪಶ್ಚಿಮ ಮತ್ತು ನೈಋತ್ಯದಿಂದ ಬರುತ್ತವೆ. ಅಂದರೆ ನೀವು ಇಳಿಯಬೇಕೆಂದಿರುವ ಮಗ್ಗುಲೇ ಗಾಳಿ ಹಿಮ ತಂದು ಸುರಿಯುವ ಮಗ್ಗುಲು. ಹೋಟೆಲ್ ಅಂಗಳದಲ್ಲಿ, 2,650 ಮೀಟರ್ ಎತ್ತರದಲ್ಲಿ, ಎರಡು ಅಡಿ ಅಳತೆ ಬಂದರೆ 3,950 ಮೀಟರ್‌ನ ಗೊಂಡೊಲಾ ನಿಲ್ದಾಣದ ಅಕ್ಕಪಕ್ಕದ ಹಳ್ಳಗಳಲ್ಲಿ ಐದಾರು ಅಡಿ ಇರಬಹುದು.

ಭಾರದ ಅಂದಾಜು ಬೇಕೆಂದರೆ: 30 ಮೀಟರ್ ಅಗಲ, 50 ಮೀಟರ್ ಉದ್ದ, 60 ಸೆಂಟಿಮೀಟರ್ ದಪ್ಪದ ಚಪ್ಪಡಿ ಎಂದರೆ 900 ಘನ ಮೀಟರ್. ಘನ ಮೀಟರಿಗೆ 150 ಕಿಲೋ ಹಿಡಿದರೂ 135 ಟನ್. ಅಫರ್ವಾತ್ ಲೆಕ್ಕದಲ್ಲಿ ಇದು ಸಣ್ಣ ಕುಸಿತ.

ನಾಲ್ಕನೇ ದಿನಕ್ಕೆ ಬರುತ್ತೇನೆ. ಹಿಮ ನಿಂತ ಮಾತ್ರಕ್ಕೆ ಅದು ಕೂತುಬಿಡುವುದಿಲ್ಲ. ತಾಪಮಾನ ಸೊನ್ನೆಗೆ ಹತ್ತಿರ ಇದ್ದರೆ ಹೊಸ ಹಿಮ ತನ್ನೊಳಗೆ ಬೆಸೆದುಕೊಳ್ಳಲು ಒಂದೆರಡು ದಿನ ಬೇಕು, ಮೈನಸ್ 15ರಲ್ಲಿ ಇನ್ನೂ ಹೆಚ್ಚು. ಚಳಿ ಹಿಮವನ್ನು ಹಿಡಿದಿಡುತ್ತದೆ ಎಂಬುದು ಅರ್ಧ ಸತ್ಯ. ಚಳಿಯಲ್ಲಿ ಅಪಾಯವೂ ಹಾಗೇ ಉಳಿಯುತ್ತದೆ. ಕೆಳಗೆ ರವೆ ಹಿಮವಿದ್ದರೆ ವಾರಗಟ್ಟಲೆ ಕಾದರೂ ನೆಚ್ಚಿಕೊಳ್ಳುವಂತಿಲ್ಲ. ಇದರ ಮೇಲೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಬೆಳಗಿನ ಮೊದಲ ಬಿಸಿಲು ನೇರ ಬೀಳುತ್ತದೆ, ಹೊಸ ಹಿಮ ಬೇಗ ಬೆಚ್ಚಗಾಗಿ ಜಗ್ಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ, ಗಾಳಿಯಿಂದ ಎರಡು ದಿನ ಮುಚ್ಚಿದ್ದ ಎರಡನೇ ಹಂತ ತೆರೆದು, ಕಾದು ಕೂತ ಜನ ಒಟ್ಟಿಗೆ ಮೇಲೇರುತ್ತಾರೆ. ಅಲ್ಲಿ ಎಲ್ಲರಿಗೂ ಅವಸರ. ಯಾರೋ ಮೊದಲು ಆಚೆ ದಾಟುತ್ತಾರೆ, ಹಿಂದಿನವರಿಗೆ ಅದೇ ಅನುಮತಿಯಂತೆ ಕಾಣುತ್ತದೆ.

ಮುನ್ಸೂಚನೆ ಓದುವ ಬಗ್ಗೆ ಒಂದು ಮಾತು. ಡಿಆರ್‌ಡಿಒದ ಭಾಗವಾದ ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ, ಜಮ್ಮು ಕಾಶ್ಮೀರದ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ಜಿಲ್ಲಾವಾರು ಪ್ರಕಟಿಸುತ್ತದೆ. ಗುಲ್ಮಾರ್ಗ್ ಬಾರಾಮುಲ್ಲಾ ಜಿಲ್ಲೆಯಲ್ಲಿದೆ, ಆ ಹೆಸರನ್ನೇ ನೋಡಿ. ಇಂಥ ಎತ್ತರದ ಮೇಲೆ ಇಷ್ಟು ಅಪಾಯ ಎಂದಷ್ಟೇ ಅದು ಹೇಳುತ್ತದೆ, ಯಾವ ಇಳಿಜಾರು ಎಂದು ಹೇಳುವುದಿಲ್ಲ. ಐದು ಮಟ್ಟದ ಅಂತರರಾಷ್ಟ್ರೀಯ ಅಳತೆಯಲ್ಲಿ ಮೂರನೆಯದನ್ನು ನಡುಮಟ್ಟ ಎಂದು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಆದರೆ ಸ್ಕೀಗಾರರ ಸಾವುಗಳಲ್ಲಿ ದೊಡ್ಡ ಪಾಲು ಮೂರನೇ ಮಟ್ಟದ ದಿನಗಳಲ್ಲೇ ಆಗುತ್ತದೆ. ನಾಲ್ಕು ಐದರಲ್ಲಿ ಜನ ಮನೆಯಲ್ಲಿರುತ್ತಾರೆ. ಮೂರರಲ್ಲಿ ಒಬ್ಬ ಮನುಷ್ಯನ ಭಾರಕ್ಕೆ ಇಳಿಜಾರು ಕುಸಿಯುವ ಸಾಧ್ಯತೆ ಚೆನ್ನಾಗಿಯೇ ಇದೆ.

ಗುಂಡಿ ತೋಡಿ ಪದರ ಪರೀಕ್ಷಿಸುವುದನ್ನು ಗೈಡ್ ತೋರಿಸಬಹುದು. ಇಳಿಜಾರಿಗೆ ಅಡ್ಡಲಾಗಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಹಿಮದ ಕಂಬ ಕಡಿದು, ಒಂದು ತುದಿಯ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಸಲ ತಟ್ಟುತ್ತಾರೆ. ಬಿರುಕು ಈ ತುದಿಯಿಂದ ಆ ತುದಿಗೆ ಓಡಿದರೆ ಅಲ್ಲಿಂದ ವಾಪಸ್ ಬನ್ನಿ. ಓಡದಿದ್ದರೆ ಆ ಒಂದು ಗುಂಡಿಯ ಮಟ್ಟಿಗೆ ಓಡಲಿಲ್ಲ ಅಷ್ಟೇ, ಇಪ್ಪತ್ತು ಮೀಟರ್ ಆಚೆ ಕಥೆ ಬೇರೆ ಇರಬಹುದು. ಐದು ದಿನಕ್ಕೆ ಬಂದ ನೀವು ಈ ವಿದ್ಯೆಯನ್ನು ನಂಬಿ ನಿರ್ಧಾರ ಮಾಡುವುದು ಬೇಡ. ನಿಮಗೆ ತಪ್ಪಿಲ್ಲದೆ ಅಳೆಯಲು ಸಿಗುವುದು ಕೋನ ಒಂದೇ. ಸ್ಕೀ ಕೋಲನ್ನು ಹಿಮದ ಮೇಲೆ ಇಳಿಜಾರಿನ ನೇರಕ್ಕೆ ಮಲಗಿಸಿ, ಫೋನಿನ ಕೋನಮಾಪಕವನ್ನು ಅದರ ಮೇಲಿಡಿ. 28 ಬಂದರೂ 30 ಎಂದೇ ಲೆಕ್ಕ. ನಕ್ಷೆಯ ಆ್ಯಪ್‌ಗಳಲ್ಲಿ ಇಳಿಜಾರಿಗೆ ಬಣ್ಣ ಹಚ್ಚಿರುತ್ತದೆ, ಆದರೆ ಹಿಮಾಲಯಕ್ಕೆ ಸಾಮಾನ್ಯವಾಗಿ ಸಿಗುವ ಉಪಗ್ರಹ ಮಾಹಿತಿ 30 ಮೀಟರ್‌ಗೆ ಒಂದು ಬಿಂದುವಿನದು, ಹತ್ತು ಮೀಟರ್‌ನ ಕಡಿದಾದ ಉಬ್ಬು ಅದರಲ್ಲಿ ಮಾಯವಾಗುತ್ತದೆ. ತಲೆಯೆತ್ತಿ ನೋಡುವುದನ್ನೂ ಮರೆಯಬೇಡಿ. ನಿಂತ ಜಾಗ ಮಟ್ಟಸವಾಗಿದ್ದರೂ ಮೇಲಿನ ಇಳಿಜಾರಿನ ತುದಿಯನ್ನು ನೋಡಲು ದೃಷ್ಟಿಯನ್ನು 25 ಡಿಗ್ರಿಗಿಂತ ಮೇಲಕ್ಕೆತ್ತಬೇಕಾದರೆ ಕುಸಿತ ನಿಮ್ಮ ತನಕ ಬರಬಲ್ಲದು. ದೊಡ್ಡ ಬಿರುಗಾಳಿಯ ನಂತರ ಇನ್ನೂ ದೂರ ಹರಿಯುತ್ತದೆ.

ಹಾಗಾದರೆ ರಜೆ ವ್ಯರ್ಥವೇ? ಇಲ್ಲ. ನನ್ನ ಆಯ್ಕೆ ಕೆಳಗಿನ ಕಾಡು. ಬಾಬಾರೇಶಿ, ಟಂಗ್‌ಮರ್ಗ್ ಕಡೆಗೆ ಇಳಿಯುವ ದೇವದಾರು ಮತ್ತು ಫರ್ ಮರಗಳ ನಡುವಿನ ದಾರಿಗಳಲ್ಲಿ ಇಳಿಜಾರು ಕಡಿಮೆ ಇರುವ ಭಾಗಗಳನ್ನು ಆರಿಸಿಕೊಂಡರೆ ಬಿರುಗಾಳಿಯ ನಡುವೆಯೂ ಸ್ಕೀ ಮಾಡಬಹುದು, ಮರಗಳಿರುವುದರಿಂದ ಬಿಳಿ ಮಬ್ಬಿನಲ್ಲಿ ದಿಕ್ಕೂ ತಪ್ಪುವುದಿಲ್ಲ. ಕಾಡಿನಲ್ಲೂ ಎರಡು ಅಪಾಯ. ಸಲೀಸಾಗಿ ಸ್ಕೀ ಮಾಡುವಷ್ಟು ವಿರಳವಾದ ಮರಗಳು ಹಿಮವನ್ನು ತಡೆಯುವುದಿಲ್ಲ, ಹಾಗಾಗಿ ಮರ ಇದ್ದರೂ ಕೋನದ ನಿಯಮ ಬಿಡಬೇಡಿ. ನಾಲೆಗಳ ದಂಡೆಯಿಂದ ದೂರವಿರಿ. ಕಿರಿದಾದ ಕೊರಕಲಿನಲ್ಲಿ ಸಣ್ಣ ಕುಸಿತವೂ ಎರಡು ಮೀಟರ್ ಆಳಕ್ಕೆ ಹೂಳುತ್ತದೆ. ಮರದ ಬುಡದ ಸುತ್ತ ಟೊಂಗೆಗಳಡಿ ಹಿಮ ಸಡಿಲವಾಗಿ ಗುಂಡಿಯಂತಿರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರಲಾಗದು, ಆದ್ದರಿಂದ ಜೋಡಿಯಾಗಿ, ಒಬ್ಬರಿಗೊಬ್ಬರು ಕಾಣುವಂತೆ ಇಳಿಯಿರಿ.

ಎರಡನೇ ಹಂತದ ಕೆಳಗೆ ಸ್ಕೀ ಪ್ಯಾಟ್ರೋಲ್ ನೋಡಿ, ಕೆಡವಿ, ತೆರೆದ ಭಾಗದಲ್ಲಿ ಇಳಿಯುವುದು ಇನ್ನೊಂದು ದಾರಿ. ಅಪಾಯ ಸೊನ್ನೆಯಾಗದು, ಆದರೆ ಬಹಳ ಇಳಿಯುತ್ತದೆ. ಅವರು ತೆರೆಯುವವರೆಗೆ ಕಾಯಿರಿ. ತೆರೆದದ್ದು ಹಗ್ಗದ ಒಳಗಿನದು ಮಾತ್ರ ಎಂಬುದು ನೆನಪಿರಲಿ. ಏಣಿನ ಮೇಲೆ ಎಡಕ್ಕೋ ಬಲಕ್ಕೋ ನೂರು ಹೆಜ್ಜೆ ನಡೆದರೆ ನಿಮಗಾಗಿ ಯಾರೂ ಏನೂ ಪರೀಕ್ಷಿಸಿರುವುದಿಲ್ಲ. ಮೂರನೆಯದು ನನಗೆ ಹೆಚ್ಚು ಹಿಡಿಸುವ ದಾರಿ: ವಾಪಸ್ ಟಿಕೆಟನ್ನು ಮೂರು ದಿನ ಮುಂದಕ್ಕೆ ಹಾಕಿ. ಮನೆಯಿಂದ ಕೆಲಸ ಮಾಡುವ ಅವಕಾಶ ನಿಮಗಿದ್ದರೆ ಇದು ಅಸಾಧ್ಯವೇನಲ್ಲ. ಏಳನೇ ದಿನವೂ ಹೋಗುವುದು ಖಚಿತವೆಂದಲ್ಲ, ಆದರೆ ಅಂದಿನ ನಿರ್ಧಾರವನ್ನು ವಿಮಾನದ ವೇಳಾಪಟ್ಟಿ ಮಾಡುವುದಿಲ್ಲ.

ಯಾವ ದಾರಿಯಲ್ಲಿದ್ದರೂ ಇವು ಕಂಡರೆ ಹಿಂದಿರುಗಿ: ಪಕ್ಕದ ಇಳಿಜಾರಿನಲ್ಲಿ ಅಂದೋ ಹಿಂದಿನ ದಿನವೋ ಬಿದ್ದ ಕುಸಿತ, ಕಾಲಡಿ ಧಪ್ಪೆಂದು ಹಿಮ ಕೂತ ಸದ್ದು, ಸ್ಕೀ ತುದಿಯಿಂದ ಮುಂದಕ್ಕೆ ಓಡುವ ಬಿರುಕು. ಇವು ಹಿಮ ತಾನೇ ಕೊಡುವ ಉತ್ತರ, ಗುಂಡಿ ತೋಡುವ ಅಗತ್ಯವೇ ಇಲ್ಲ.

ಉಪಕರಣ ಮೂರು, ನಾಲ್ವರಿಗೂ ಒಂದೊಂದು ಸೆಟ್: ಮೂರು ಆಂಟೆನಾ ಇರುವ ಡಿಜಿಟಲ್ ಟ್ರಾನ್ಸ್‌ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಯಂತ್ರ), ಹಿಮಕ್ಕೆ ಚುಚ್ಚಿ ಹುಡುಕುವ ಕನಿಷ್ಠ 240 ಸೆಂಟಿಮೀಟರ್‌ನ ಪ್ರೋಬ್ ಕೋಲು, ಲೋಹದ ಅಲಗಿನ ಸಲಿಕೆ. ಪ್ಲಾಸ್ಟಿಕ್ ಸಲಿಕೆ ಬಿಗಿದ ಹಿಮಕ್ಕೆ ಮುರಿಯುತ್ತದೆ. ಒಂದು ಟ್ರಾನ್ಸ್‌ಸೀವರ್ ತೆಗೆದುಕೊಂಡು ನಾಲ್ವರೂ ಹಂಚಿಕೊಳ್ಳುತ್ತೇವೆ ಎಂದರೆ ಅದು ಇದ್ದೂ ಇಲ್ಲದಂತೆ. ಗುಲ್ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ತೆಗೆದುಕೊಳ್ಳುವಾಗ ಬ್ಯಾಟರಿ ಮುಚ್ಚಳ ತೆರೆದು ತುಕ್ಕು ನೋಡಿ, ಹೊಸ ಆಲ್ಕಲೈನ್ ಸೆಲ್ ಹಾಕಿ. ರೀಚಾರ್ಜ್ ಸೆಲ್ ಚಳಿಯಲ್ಲಿ ತಟಕ್ಕನೆ ಕುಸಿಯುತ್ತದೆ, ಶೇಕಡಾವಾರು ಸೂಚನೆಯೂ ತಪ್ಪು ಬರುತ್ತದೆ. ಒಳಗಿನ ಪದರದ ಬಟ್ಟೆಯ ಮೇಲೆ ಕಟ್ಟಿ, ಫೋನಿನಿಂದ 20 ಸೆಂಟಿಮೀಟರ್ ದೂರವಿರಲಿ. ಹುಡುಕುವಾಗ ಅದು 50 ಸೆಂಟಿಮೀಟರ್. ಏರ್‌ಬ್ಯಾಗ್ ಚೀಲ (ಕುಸಿತದಲ್ಲಿ ಸಿಕ್ಕಾಗ ಉಬ್ಬಿ ಮನುಷ್ಯನನ್ನು ಹಿಮದ ಮೇಲೆ ತೇಲಿಸುವ ಬೆನ್ನಚೀಲ) ಸಾವಿನ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಆದರೆ ಮರಕ್ಕೋ ಬಂಡೆಗೋ ಬಡಿದರೆ ಅದರಿಂದ ಪ್ರಯೋಜನವಿಲ್ಲ. ಅದರ ಸಿಲಿಂಡರ್ ವಿಮಾನದಲ್ಲಿ ಒಯ್ಯಲು ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆಯಿರಿ.

ಇವನ್ನು ಮೊದಲ ದಿನವೇ ಹೋಟೆಲ್ ಹಿಂದಿನ ಬಯಲಿನಲ್ಲಿ ಬಳಸಿ ಕಲಿಯಿರಿ. ಒಂದು ಟ್ರಾನ್ಸ್‌ಸೀವರನ್ನು ಚೀಲದಲ್ಲಿಟ್ಟು ಮುಕ್ಕಾಲು ಮೀಟರ್ ಆಳದಲ್ಲಿ ಹೂತು ಹುಡುಕಿ. ನಿಜವಾಗಿ ಯಾರಾದರೂ ಹೂತಾಗಿನ ಕ್ರಮ ಇದು: ಅವರು ಕೊನೆಗೆ ಕಂಡ ಜಾಗ ಗುರುತಿಡಿ, ಉಳಿದವರೆಲ್ಲ ಟ್ರಾನ್ಸ್‌ಸೀವರನ್ನು ಹುಡುಕುವ ಸ್ಥಿತಿಗೆ ಹಾಕಿ. ಒಬ್ಬರಾದರೂ ಮರೆತರೆ ಯಂತ್ರ ಅವರ ಕಡೆಗೇ ಎಳೆಯುತ್ತದೆ. ಅಂತರ ಮೂರು ಮೀಟರ್‌ಗೆ ಇಳಿದಾಗ ಯಂತ್ರವನ್ನು ಹಿಮಕ್ಕೆ ತಾಗುವಷ್ಟು ಕೆಳಗಿಟ್ಟು ನಿಧಾನವಾಗಿ, ತಿರುಗಿಸದೆ, ಅಡ್ಡ ಉದ್ದ ಸರಿಸಿ. ಕಡಿಮೆ ಅಂಕಿ ಬಂದಲ್ಲಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ, ಇಳಿಜಾರಿಗೆ ಲಂಬವಾಗಿ ಪ್ರೋಬ್ ಚುಚ್ಚಿ. ತಗುಲಿದರೆ ಕೋಲನ್ನು ತೆಗೆಯಬೇಡಿ. ಅದರ ಮೇಲೇ ನಿಂತು ಬಾವಿ ತೋಡುವುದು ಎಲ್ಲರೂ ಮಾಡುವ ತಪ್ಪು. ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗೆ ಹೋಗಿ, ಅಲ್ಲಿಂದ ಒಳಕ್ಕೆ ತೋಡುತ್ತಾ ಬನ್ನಿ, ಹಿಮವನ್ನು ಹಿಂದಕ್ಕೆ ತಳ್ಳಿ. ಮೊದಲು ಮುಖ, ಬಾಯಿ. ಒಂದು ಮೀಟರ್ ಆಳದ ಮನುಷ್ಯನನ್ನು ತಲುಪಲು ಒಂದು ಟನ್‌ಗಿಂತ ಹೆಚ್ಚು ಹಿಮ ಸರಿಸಬೇಕು, ಮೂರು ಜನಕ್ಕೂ ಬೆವರು ಹರಿಯುತ್ತದೆ. ಸಹಾಯ ಕರೆಯಲು ಯಾರನ್ನೂ ಕೆಳಗೆ ಓಡಿಸಬೇಡಿ. ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಿ, ಮತ್ತೆ ತೋಡಿ.

ಹೊರಗಿನ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ವಿದೇಶದಿಂದ ತಂದ ಸ್ಯಾಟಲೈಟ್ ಫೋನ್ ಅಥವಾ ಸಂದೇಶ ಯಂತ್ರವನ್ನು ಅನುಮತಿಯಿಲ್ಲದೆ ಒಯ್ದರೆ ನಮ್ಮ ದೇಶದಲ್ಲಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ವಿಮೆಯಲ್ಲಿ ಆಫ್-ಪಿಸ್ಟ್ (ಗುರುತು ಮಾಡಿದ ದಾರಿಯ ಹೊರಗಿನ) ಸ್ಕೀಯಿಂಗ್ ಸೇರಿದೆಯೇ ಎಂದು ಓದಿ ನೋಡಿ, ಹೆಚ್ಚಿನವುಗಳಲ್ಲಿ ಇರುವುದಿಲ್ಲ.

ಕೊನೆಗೆ ಆ ಸ್ಥಳೀಯ ಹುಡುಗನ ವಿಷಯ. ಅವನಿಗೆ ಬೆಟ್ಟ ಗೊತ್ತಿರಬಹುದು, ಆದರೆ ಬೆಟ್ಟ ಗೊತ್ತಿರುವುದಕ್ಕೂ ಹಿಮದ ಪದರ ಓದುವುದಕ್ಕೂ ವ್ಯತ್ಯಾಸವಿದೆ. ಮುಂಗಡ ಕೊಡುವ ಮೊದಲು ಕೇಳಿ: ಹಿಮಕುಸಿತದ ತರಬೇತಿ ಎಲ್ಲಿ ಆಗಿದೆ? ಈ ವಾರ ಯಾವ ಇಳಿಜಾರುಗಳನ್ನು ಬಿಟ್ಟಿದ್ದೀರಿ, ಯಾಕೆ? ಒಬ್ಬೊಬ್ಬರಾಗಿ ಇಳಿಸುತ್ತೀರಾ, ಎಲ್ಲಿ ನಿಲ್ಲಿಸುತ್ತೀರಿ? ಹಣದ ಮಾತನ್ನೂ ಅಲ್ಲೇ ಮುಗಿಸಿ. ಮೇಲೆ ಹೋದರೂ, ಕಾಡಿನಲ್ಲೇ ಸುತ್ತಿದರೂ ದಿನದ ಕೂಲಿ ಅಷ್ಟೇ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಿಮ್ಮನ್ನು ಮೇಲೆ ಕರೆದೊಯ್ಯಲೇಬೇಕಾದ ಒತ್ತಡ ಅವನ ಮೇಲೂ ಬೀಳುತ್ತದೆ. ಬಿಟ್ಟ ಇಳಿಜಾರು ಒಂದೂ ಇಲ್ಲ, ನಾನಿದ್ದೇನೆ, ಏನೂ ಆಗಲ್ಲ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.